ಐದು ಜನರ ಚೈನ್ ವೀಲ್

ನರಸಿಂಹರಾಜಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕಾಂತೇಶನಿಗೂ ಕೊಪ್ಪದಲ್ಲಿ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದ ಯಜ್ಞೇಶನಿಗೂ ಸ್ನೇಹ ಕುದುರಿದ್ದೇ ಹಳೇ ಸೈಕಲ್ಲುಗಳ ಹುಚ್ಚಿನಿಂದ. ಭಾನುವಾರ ಬಂತೆಂದರೆ ಇಬ್ಬರೂ ಯಾರದೋ ಅಟ್ಟ, ಯಾವುದೋ ಗುಜರಿ ಹುಡುಕಿಕೊಂಡು ಹೊರಡುತ್ತಿದ್ದರು. ಸಿಕ್ಕಿದ ತುಕ್ಕು ಹಿಡಿದ ಬ್ರೇಕಿನ ಸರಳನ್ನು ಹೋಟೆಲಿನ ಮೇಜಿನ ಮೇಲಿಟ್ಟು, ಇದು ಯಾವ ಕಂಪನಿಯದು, ಯಾವ ಕಾಲದ್ದು ಎಂದು ಕಾಫಿ ಆರುವವರೆಗೆ ವಾದ ಮಾಡುತ್ತಿದ್ದರು.

ಇಬ್ಬರ ಬಳಿಯೂ ಇಂಗ್ಲೆಂಡಿನ ಹಂಬರ್ ಸೈಕಲ್ ಇತ್ತು. ಕಾಂತೇಶನದು ಅವನ ಅಪ್ಪ ರೇಣುಕಪ್ಪ ಬಟ್ಟೆಯ ಗಂಟು ಹೇರಿಕೊಂಡು ಬಾಳೆಹೊನ್ನೂರಿಗೆ ತುಳಿಯುತ್ತಿದ್ದ ಸೈಕಲ್. ಯಜ್ಞೇಶನದು ಗುಜರಿಯಿಂದ ಬಂದದ್ದು. ಅದಕ್ಕೆ ಮೂಲದ ಚೈನ್ ವೀಲ್, ಅಂದರೆ ಪೆಡಲಿನ ಬಳಿ ಚೈನ್ ಸುತ್ತುವ ಹಲ್ಲಿನ ಚಕ್ರ, ಇರಲಿಲ್ಲ. ಹಂಬರಿನ ಚೈನ್ ವೀಲಿನ ನಡುವೆ ಕೈಕಾಲು ಚಾಚಿದ ಐದು ಜನ ಪುಟ್ಟ ಲೋಹದ ಮನುಷ್ಯರಿರುತ್ತಾರೆ. ಅವರಿಲ್ಲದ ಹಂಬರ್ ಹಂಬರೇ ಅಲ್ಲ ಎಂದು ಯಜ್ಞೇಶ ಹಲುಬುತ್ತಿದ್ದ. ಅವನಿಗಾಗಿ ಕಾಂತೇಶ ಶಿವಮೊಗ್ಗದ ಗುಜರಿಗಳನ್ನೆಲ್ಲ ಜಾಲಾಡಿ ಬರಿಗೈಲಿ ಬಂದಿದ್ದ.

೨೦೦೭ರ ಬೇಸಿಗೆಯಲ್ಲಿ ಕಾಂತೇಶನ ಸೈಕಲ್ ಪೆಡಲ್ ತುಳಿದಾಗೆಲ್ಲ ಕಟಕಟ ಎನ್ನತೊಡಗಿತು. ಮನೆಯಲ್ಲಿ ಮಗಳ ಮದುವೆಯ ಗಡಿಬಿಡಿ.

"ನನ್ನ ಹತ್ರ ಬಿಡು ಮಾರಾಯ. ಒಳಗಿನ ಬೇರಿಂಗ್ ಬಾಲ್ಸ್ ಬದಲಿಸಿ ಕೊಡ್ತೀನಿ," ಎಂದ ಯಜ್ಞೇಶ.

ಸೈಕಲ್ ಸದ್ದಿಲ್ಲದೆ ಓಡುತ್ತ ವಾಪಸು ಬಂತು. ಮದುವೆಗೆ ಬಂದವರಿಗೆಲ್ಲ ಕಾಂತೇಶ ಗೆಳೆಯನ ಕೈಗುಣವನ್ನು ಹೊಗಳಿದ್ದೇ ಹೊಗಳಿದ್ದು.

ಮಳೆಗಾಲ ಮುಗಿದ ಮೇಲೆ ಶೃಂಗೇರಿಯ ಒಂದು ವಸತಿಗೃಹದ ಅಂಗಳದಲ್ಲಿ ಹಳೇ ವಾಹನಗಳ ಪ್ರದರ್ಶನ ಏರ್ಪಟ್ಟಿತು. ಜನ ಯಜ್ಞೇಶನ ಹಂಬರ್ ಸುತ್ತ ಮುತ್ತಿಕೊಂಡಿದ್ದರು. ಅದರಲ್ಲಿ ಐದು ಜನರ ಚೈನ್ ವೀಲ್ ಫಳಫಳ ಹೊಳೆಯುತ್ತಿತ್ತು.

"ಕೊನೆಗೂ ಸಿಕ್ತಾ! ನಂಗೊಂದು ಮಾತು ಹೇಳ್ಲಿಲ್ವಲ್ಲೋ," ಎಂದು ಕಾಂತೇಶ ಖುಷಿಯಿಂದ ಕುಕ್ಕರಗಾಲಲ್ಲಿ ಕೂತು ಅದರ ಮೇಲೆ ಬೆರಳಾಡಿಸಿದ.

ಐವರಲ್ಲಿ ಒಬ್ಬ ಪುಟ್ಟ ಮನುಷ್ಯನ ಮೊಣಕಾಲಿನಲ್ಲಿ ಗಂಟು ತಾಗಿತು. ಬೆರಳು ಅಲ್ಲೇ ನಿಂತಿತು. ಕಾಂತೇಶ ಹುಡುಗನಾಗಿದ್ದಾಗ ಅಪ್ಪನ ಸೈಕಲ್ಲಿನ ಚೈನ್ ತುಂಡಾಗಿ ಸಿಕ್ಕಿಕೊಂಡು ಆ ಪುಟ್ಟ ಮನುಷ್ಯನ ಕಾಲು ಮುರಿದಿತ್ತು. ಅಪ್ಪ ಕುಲುಮೆಗೆ ಒಯ್ದು ಹಿತ್ತಾಳೆಯಲ್ಲಿ ಬೆಸುಗೆ ಹಾಕಿಸಿದಾಗ ತಿದಿ ಒತ್ತಿದವನು ಕಾಂತೇಶನೇ. ಈಗ ಆ ಹಳದಿಯ ಮೇಲೆ ಕ್ರೋಮ್ ಲೇಪ ಕೂತಿತ್ತು.

"ಯಜ್ಞೇಶ, ಇದು ಅಪ್ಪಂದು."

ಯಜ್ಞೇಶ ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ, "ನಿಂದು ಚೈನ್ ಕವರಿನ ಒಳಗೆ ಮುಚ್ಚಿಕೊಂಡು ಬಿದ್ದಿತ್ತು ಮಾರಾಯ. ಯಾರು ನೋಡ್ತಿದ್ರು? ಅದರ ಬದ್ಲು ಒಳ್ಳೇದನ್ನೇ ಹಾಕಿದೀನಿ. ಓಡ್ತಾ ಇಲ್ವಾ?" ಎಂದ.

"ಕೇಳಿದ್ರೆ ಕೊಟ್ಬಿಡ್ತಿದ್ನೋ ಏನೋ. ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ ನಿಂಗೆ?"

ಯಜ್ಞೇಶ ಅಂಗೈಯಿಂದ ಸೀಟು ಒರೆಸತೊಡಗಿದ.

"ಬಿಚ್ಚು."

"ಇಲ್ಲೇನೋ? ಜನ ನೋಡ್ತಿದಾರೆ."

"ನೋಡ್ಲಿ ಅಂತಾನೇ ಅಲ್ವಾ ಹಾಕಿದ್ದು?"

ಯಜ್ಞೇಶ ಪಾನಾ, ಸುತ್ತಿಗೆ ತಂದ. ಪೆಡಲ್ ಕೋಲಿನ ಪಿನ್ನು ಜಗ್ಗಲಿಲ್ಲ. ಇಷ್ಟು ವರ್ಷದ ಅಭ್ಯಾಸಕ್ಕೆ ಕಾಂತೇಶನೇ ಅಡಿಗೊಂದು ಮರದ ತುಂಡು ಒತ್ತಿಹಿಡಿದ. ಎರಡು ಪೆಟ್ಟಿಗೆ ಪಿನ್ನು ಹೊರಬಂತು. ಚೈನ್ ವೀಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ತಿರುಗಿ ನೋಡದೆ ಕಾಂತೇಶ ಬಸ್ಸು ಹತ್ತಿದ.

ಮರುದಿನ ಅಂಗಡಿಯ ಬಾಗಿಲು ತೆಗೆಯದೆ, ಸೈಕಲ್ಲನ್ನು ಹಿತ್ತಲಿಗೆ ತಂದು ಪೂರ್ತಿ ಕಳಚಿದ. ಇನ್ನೇನೇನು ಬದಲಾಗಿದೆಯೋ ಎಂದು ಸೀಟಿನ ಸ್ಪ್ರಿಂಗು, ಹಬ್ಬು, ಬೆಲ್ಲು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ. ಎಲ್ಲವೂ ಅಪ್ಪನವೇ. ಒಳಗಿನ ಬಾಲ್ಸ್ ಹೊಚ್ಚ ಹೊಸವು, ಗ್ರೀಸನ್ನು ಯಜ್ಞೇಶ ಒಂದು ಕಡೆಯೂ ಹೆಚ್ಚುಕಮ್ಮಿ ಆಗದಂತೆ ಸವರಿದ್ದ. ಬೇಡಿದರೂ ಯಾರೂ ಅಷ್ಟು ಅಕ್ಕರೆಯಿಂದ ಮಾಡಿಕೊಡುತ್ತಿರಲಿಲ್ಲ.

ಹೆಂಡತಿ ಶಾಂತಕ್ಕ ಊಟಕ್ಕೆ ಕರೆಯಲು ಬಂದಾಗ ಅವನು ಗ್ರೀಸು ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದ.