ಮಟ್ಟಿ ಹಿಡಿದು ಕೇಳಿದ ಮಾತು

ಮಗನಿಗೆ ಯಾವತ್ತೂ ಹೇಳುವುದಿಲ್ಲವೆಂದು ಕರಿಸಿದ್ದಪ್ಪ ಹೆಂಡತಿಗೆ ಮಾತು ಕೊಟ್ಟದ್ದು ಕಡೂರಿನ ಆಸ್ಪತ್ರೆಯ ಹೊರಗೆ, ಹುಣಸೆಮರದ ಕೆಳಗೆ. ಆಗ ಬೆನಕಪ್ಪನಿಗೆ ಏಳು ವರ್ಷ. ಕೀಲುಕೀಲಿಗೂ ನೋವು ಬಂದು, ಜ್ವರದಲ್ಲಿ ಬೆಂದು ಎದ್ದಿದ್ದ ಹುಡುಗ ಅವ್ವನ ಹೆಗಲ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಜ್ವರವೇನೋ ಇಳಿಯಿತು, ಆದರೆ ಗುಂಡಿಗೆಗೆ ಪೆಟ್ಟು ಕೊಟ್ಟು ಹೋಗಿದೆ, ಅದರ ಒಳಗಿನ ಬಾಗಿಲೊಂದು ಸರಿಯಾಗಿ ಮುಚ್ಚುತ್ತಿಲ್ಲ, ಜೋಪಾನ ಮಾಡಿದರೆ ಬದುಕಿಕೊಳ್ಳುತ್ತಾನೆ, ಭಾರ ಮಾತ್ರ ಎತ್ತಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆ ಮಾತು ಕೊಡೆಂದು ಕೇಳಿದ್ದು ಹೆಂಡತಿ ಹಾಲಮ್ಮ. ಅಜ್ಜಂಪುರದ ಕಡೆಯ ಅವಳ ತವರಿನಲ್ಲಿ ಅವಳ ಅಣ್ಣನಿಗೆ ಯಾರೋ ಪಂಡಿತರು ಎದೆಯಲ್ಲಿ ರೋಗವಿದೆ ಎಂದಿದ್ದರಂತೆ. ಅವನು ಆವತ್ತು ಹಾಸಿದ ಕಂಬಳಿಯನ್ನು ಮತ್ತೆ ಮಡಿಸಲಿಲ್ಲ. ಇದ್ದಷ್ಟು ದಿನವೂ ಊರು ಅವನನ್ನು 'ಸಾಯೋ ಹೈದ' ಎಂದೇ ಕರೆಯಿತು.

"ನಮ್ಮಣ್ಣ ರೋಗದಿಂದ ಸಾಯ್ಲಿಲ್ಲ ಕಣಯ್ಯ. ಹೇಳಿದ್ದಕ್ಕೆ ಸತ್ತ," ಎಂದಿದ್ದಳು ಹಾಲಮ್ಮ. "ಇವನ ತಲೆ ಮುಟ್ಟಿ ಹೇಳು. ಇವನಿಗೆ ಹೇಳಾಕಿಲ್ಲ ಅನ್ನು."

ಕರಿಸಿದ್ದಪ್ಪ ಮುಟ್ಟಿ ಹೇಳಿದ್ದ. ತಲೆ ಇನ್ನೂ ಬೆಚ್ಚಗಿತ್ತು.

ಅಲ್ಲಿಂದೀಚೆಗೆ ಹೆದರಿಕೆ ಅವನ ಮೈಗೆ ಬೆವರಿನ ಹಾಗೆ ಅಂಟಿಕೊಂಡಿತು. ತಮ್ಮೂರು ಯಗಟಿಯ ಹೊಲದಲ್ಲಿ ಗುದ್ದಲಿ ಹಿಡಿದವನು ನಡುನಡುವೆ ನಿಂತು, ಕುರಿಗಳ ಹಿಂದೆ ಮಗನ ತಲೆ ಕಾಣುತ್ತದೆಯೇ ಎಂದು ನೋಡುತ್ತಿದ್ದ. ತೆಂಗಿನಕಾಯಿ ಮೂಟೆ ಹೊರುವುದಿರಲಿ, ಬಾವಿಯಿಂದ ನೀರು ಸೇದುವುದಿರಲಿ, ಮಗ ಕೈ ಚಾಚುವುದರೊಳಗೆ ತಾನೇ ಮುಂದೆ ಬಿದ್ದು ಮಾಡಿಬಿಡುತ್ತಿದ್ದ. ಕಾರಣ ಹೇಳುವಂತಿಲ್ಲವಲ್ಲ, ಬೈಯುತ್ತಿದ್ದ. "ನಿನ್ ಕೈಲಿ ಆಗಾಕಿಲ್ಲ, ಬಿಡ್ಲೇ ಅತ್ಲಾಗೆ." ಬೈದು ಬೈದು ಅದೇ ಅವನ ದನಿಯಾಯಿತು.

ಹುಡುಗ ಉದ್ದಕ್ಕೆ ಬೆಳೆದ, ಅಗಲಕ್ಕೆ ಬೆಳೆಯಲಿಲ್ಲ. ಚೀನಾದವರ ಯುದ್ಧ ಮುಗಿದ ಮರುವರ್ಷ ಚಿಕ್ಕಮಗಳೂರಿನಲ್ಲಿ ಪೊಲೀಸು ಕೆಲಸಕ್ಕೆ ಆಳು ತೆಗೆದುಕೊಳ್ಳುತ್ತಾರೆಂದು ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದ. ಟೇಪು ಸುತ್ತಿದವನು ಎದೆ ಸಾಲದೆಂದು ಸಾಲಿನಿಂದ ಆಚೆ ನಿಲ್ಲಿಸಿದನಂತೆ.

"ಮುಂದಿನ್ ವರ್ಷ ಬಾ, ಗರಡಿಗೆ ಸೇರ್ಕೊಂಡು ಮೈ ಮಾಡ್ಕೊಂಡು ಬಾ ಅಂದವ್ರೆ," ಎಂದ ಬೆನಕಪ್ಪ, ಉಣ್ಣಲು ಕೂತಾಗ. "ಸೇರ್ತೀನಿ. ಕಡೂರಾದ್ರೂ ಆಗ್ಲಿ, ತರೀಕೆರೇಲಿ ಹೊಸದಾಗಿ ಕಬ್ಬಿಣ ಎತ್ತೋದು ಒಂದು ಮಾಡವ್ರಂತೆ, ಅದಾದ್ರೂ ಆಗ್ಲಿ."

ಕರಿಸಿದ್ದಪ್ಪನ ಕೈಯ ಮುದ್ದೆ ತಟ್ಟೆಗೆ ಬಿತ್ತು. "ನಿನ್ ಕೈಲಿ ಆಗಾಕಿಲ್ಲ," ಎಂದ.

"ಯಾಕಾಗಲ್ಲ? ಹೇಳು ಯಾಕೆ ಅಂತ." ಬೆನಕಪ್ಪ ದನಿ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಸಿತು. "ಹುಟ್ಟಿದಾಗಿಂದ ಒಂದು ಮೂಟೆ ಮುಟ್ಟಕ್ಕೆ ಬಿಟ್ಟಿದ್ದೀಯ ನೀನು? ಕಟ್ಟೆ ಮೇಲೆ ಕೂರೋ ಸಣ್ಣಬೀರಪ್ಪ ನನ್ನ ಏನಂತ ಕೂಗ್ತಾನೆ ಗೊತ್ತಾ? ಬೆನಕಮ್ಮ ಅಂತಾನೆ. ಕುರಿ ಹೊಡ್ಕೊಂಡು ಬಂದ್ರೆ ಸಾಕು, ಬೆನಕಮ್ಮ ಬಂದ್ಲು, ಸೆರಗು ಸರಿಮಾಡ್ಕಳವ್ವ ಅಂತ ಕಟ್ಟೆ ಮೇಲಿರೋರೆಲ್ಲ ನಗ್ತಾರೆ."

ಹಾಲಮ್ಮ ಒಲೆಯ ಮುಂದೆ ತಿರುಗದೆ ಕೂತಿದ್ದಳು. ಮಗ ಕೈ ತೊಳೆಯಲು ಹೋದ ಮೇಲೆ ಗಂಡನ ಕಡೆ ನೋಡಿದಳು.

"ಕರ್ಕೊಂಡ್ ಹೋಗು. ನೀನೇ ಹೋಗಿ ನೋಡು. ಹಗುರಾಗಿ ಮಾಡ್ಸೋ ಜಾಗ ಇದ್ರೆ ಸೇರ್ಸು."

"ಹಗುರಾಗಿ ಮಾಡ್ಸೋ ಗರಡಿ ಎಲ್ಲೈತೆ ಹುಚ್ಚಿ? ಹೇಳ್ಬಿಡಾನ ಕಣೇ."

"ಹೇಳಿದ್ರೆ ನಿನ್ ಮಗ ಇರಾಕಿಲ್ಲ," ಎಂದಳು ಹಾಲಮ್ಮ. "ನಾನು ಒಬ್ಬನ್ನ ನೋಡಿವ್ನಿ. ನೀನ್ ನೋಡಿಲ್ಲ."

ಸೋಮವಾರ ಸಂತೆಗೆಂದು ಕಡೂರಿಗೆ ಹೋದವರು ಗರಡಿಯ ಬಾಗಿಲಿಗೆ ಬಂದು ನಿಂತರು. ತಗ್ಗಿನ ಬಾಗಿಲು, ಎಂಥವನೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಅರೆಗತ್ತಲು, ಎಣ್ಣೆ ಬೆರೆತ ಕೆಂಪುಮಣ್ಣಿನ ವಾಸನೆ. ಗೋಡೆಯ ಗೂಡಿನಲ್ಲಿ ಹನುಮಂತ. ಮೂಲೆಯಲ್ಲಿ ಎತ್ತುವ ಗುಂಡುಕಲ್ಲುಗಳು ಸಣ್ಣದರಿಂದ ದೊಡ್ಡದರವರೆಗೆ, ಕುರಿಹಿಂಡು ಮಲಗಿದ ಹಾಗೆ. ಅವುಗಳಲ್ಲಿ ದೊಡ್ಡದನ್ನು ಕಂಡದ್ದೇ ಕರಿಸಿದ್ದಪ್ಪ ಮಗನಿಗೆ ಅಡ್ಡವಾಗಿ ನಿಂತ.

ಆ ಹೊತ್ತಿಗೆ ಒಳಗೆ ಯಾರೋ ಒಬ್ಬ ತನ್ನ ಮಗನನ್ನು ಸೇರಿಸುತ್ತಿದ್ದ. ಗರಡಿಯ ಗುರು, ವಸ್ತಾದ್ ಈರಭದ್ರಪ್ಪ, ನೆರೆತ ಮೀಸೆಯ ದಪ್ಪ ಆಳು, ಕುಸ್ತಿಕಣದಿಂದ ಒಂದು ಹಿಡಿ ಮಟ್ಟಿ ಎತ್ತಿಕೊಂಡು ನಿಂತಿದ್ದರು. ಅಪ್ಪ ಮಗನ ಬಲಗೈ ಹಿಡಿದು ವಸ್ತಾದರ ಮುಂದೆ ನೀಡಿದ. ಆ ಕೈ ಹಿಡಿದುಕೊಳ್ಳುವ ಮುಂಚೆ ವಸ್ತಾದರು ಆ ಅಪ್ಪನ ಮುಷ್ಟಿಗೆ ಮಟ್ಟಿ ಹಾಕಿ ಕೇಳಿದರು: "ಇದು ಹನುಮಪ್ಪನ ಮಣ್ಣು. ಹಿಡ್ಕೊಂಡು ಹೇಳು. ಇವನ ಮೈಯಲ್ಲಿ ನಾನು ಅರೀದ ಊನ ಏನಾದ್ರೂ ಐತಾ? ಮುರಿದ ಮೂಳೆ, ಮೂರ್ಛೆ, ಉಬ್ಬಸ, ಹಳೇ ಕಾಯ್ಲೆ?"

"ಇಲ್ಲ ವಸ್ತಾದ್ರೆ," ಎಂದ ಆ ಮನುಷ್ಯ, ಸಲೀಸಾಗಿ. ವಸ್ತಾದರು ಆ ಮಟ್ಟಿಯನ್ನೇ ಹುಡುಗನ ಹಣೆಗೆ ಬಳಿದರು. ಒಳಗಿದ್ದವರು ತೊಡೆ ತಟ್ಟಿದರು.

ಕರಿಸಿದ್ದಪ್ಪ ಮಗನ ತೋಳು ಹಿಡಿದು ಬೀದಿಗೆ ಎಳೆದುಕೊಂಡು ಬಂದ.

"ಯಾಕಪ್ಪಾ?"

"ಥಂಡಿ ಜಾಗ ಕಣೋ. ಮಣ್ಣು ಪಸೆ ಐತೆ. ತರೀಕೇರೀದು ನೋಡಾನ."

"ಗರಡಿ ಮಣ್ಣು ಪಸೆ ಇರ್ದೆ ಬೂದಿ ಇರ್ತದಾ?" ಎಂದು ಬೆನಕಪ್ಪ ಗೊಣಗಿದ. ಆದರೂ ಅಪ್ಪ ಇನ್ನೊಂದು ಜಾಗ ನೋಡೋಣವೆಂದದ್ದೇ ಅವನಿಗೆ ಹಬ್ಬವಾಗಿತ್ತು. ದಾರಿಯುದ್ದಕ್ಕೂ ಮಾತಾಡಿದ. ಕರಿಸಿದ್ದಪ್ಪನಿಗೆ ಕೇಳಿಸಿದ್ದು ಒಂದೇ ಮಾತು. ಹಳೇ ಕಾಯ್ಲೆ? ಹಳೇ ಕಾಯ್ಲೆ? ದೇವರ ಮಣ್ಣು ಹಿಡಿದು ಸುಳ್ಳು ಹೇಳಿದರೆ ಆ ಸುಳ್ಳು ಯಾರ ಮೇಲೆ ಬಂದು ಬೀಳುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತರೀಕೆರೆಯ ವ್ಯಾಯಾಮಶಾಲೆ ಹಳೆಯ ಮರದ ಡಿಪೋದ ಷೆಡ್ಡಿನಲ್ಲಿತ್ತು. ಬೆಳಕಿತ್ತು, ಗಾಳಿಯಿತ್ತು. ಮಣ್ಣಿರಲಿಲ್ಲ, ದೇವರಿರಲಿಲ್ಲ. ಗಾರೆಯ ನೆಲ, ಆಳೆತ್ತರದ ಕನ್ನಡಿ. ಕಬ್ಬಿಣದ ಸರಳುಗಳ ಎರಡೂ ತುದಿಗೆ ಎತ್ತಿನಗಾಡಿಯ ಚಕ್ರ ಸಿಕ್ಕಿಸಿದ ಹಾಗೆ ಬಿಲ್ಲೆಗಳು. ಇದನ್ನು ನಡೆಸುವ ತಮ್ಮಯ್ಯ ಮಿಲಿಟರಿಯಿಂದ ಬಂದವನು, ಬನಿಯನ್ನು ಹಾಕಿಕೊಂಡು ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ.

"ಸೇರ್ಬೇಕಾ? ಸೇರ್ಲಿ ಯಜಮಾನ್ರೆ. ಹೆಸರೇನಪ್ಪಾ? ಬೆನಕಪ್ಪ. ಸರಿ. ನಾಳೆಯಿಂದ ಬಾ."

ಕರಿಸಿದ್ದಪ್ಪ ಕಾದ. ತಮ್ಮಯ್ಯ ಪೇಪರಿನ ಹಾಳೆ ಮಗುಚಿದ.

"ಅಷ್ಟೇನಾ?" ಎಂದ ಕರಿಸಿದ್ದಪ್ಪ.

"ಇನ್ನೇನು, ಜಾತಕ ನೋಡ್ಬೇಕಾ? ಮಗ ಗಂಡಸು ತಾನೆ?" ತಮ್ಮಯ್ಯ ನಕ್ಕ. ಬೆನಕಪ್ಪನೂ ನಕ್ಕ. ಕರಿಸಿದ್ದಪ್ಪನ ಎದೆಯ ಮೇಲಿನ ಕಲ್ಲು ಯಾರೋ ಇಳಿಸಿದಂತಾಗಿ ಅವನೂ ನಕ್ಕುಬಿಟ್ಟ. ಇಲ್ಲಿ ಯಾರೂ ಕೇಳುವುದಿಲ್ಲ. ಸುಳ್ಳೂ ಹೇಳಬೇಕಾಗಿಲ್ಲ, ಕೊಟ್ಟ ಮಾತೂ ಹಾಗೇ ಉಳಿಯುತ್ತದೆ.

"ಒಂದ್ಸಲ ಎತ್ತಿ ನೋಡ್ಲಾ ಸಾರ್?" ಎಂದು ಬೆನಕಪ್ಪ ಅಂಗಿ ಬಿಚ್ಚಿದ.

ಮೊದಲು ಬರಿಯ ಸರಳು. ಸುಲಭವಾಗಿ ಮೇಲೆ ಹೋಯಿತು. ಆಮೇಲೆ ಸಣ್ಣ ಬಿಲ್ಲೆ. ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಂಡ ಬೆನಕಪ್ಪನ ಮುಖ ಅರಳಿತು. ಈ ಮುಖವನ್ನು ಕರಿಸಿದ್ದಪ್ಪ ನೋಡಿ ಯಾವ ಕಾಲವಾಗಿತ್ತೋ. "ಹಾಕು, ಹಾಕು, ದೊಡ್ಡದ್ ಹಾಕು," ಎಂದ ತಮ್ಮಯ್ಯ ಪೇಪರಿನಿಂದ ತಲೆ ಎತ್ತದೆ. "ಎಷ್ಟ್ ಬೇಕೋ ಅಷ್ಟ್ ಹಾಕ್ಕೊ. ಇಲ್ಲಿ ಯಾರೂ ತಡೆಯೋರಿಲ್ಲ."

ಬೆನಕಪ್ಪ ದೊಡ್ಡ ಬಿಲ್ಲೆ ಸಿಕ್ಕಿಸಿದ. ಮಂಡಿಯವರೆಗೆ ಬಂತು, ಸೊಂಟದವರೆಗೆ ಬಂತು. ಅಲ್ಲಿ ನಿಂತಿತು. ಕತ್ತಿನ ಬುಡದ ಗುಳಿಯಲ್ಲಿ ನರವೊಂದು ಬಲೆಗೆ ಬಿದ್ದ ಇಲಿಯ ಹಾಗೆ ಎಗರತೊಡಗಿತು. ತುಟಿ ಮೊದಲು ಬಿಳಿಚಿತು, ಆಮೇಲೆ ನೇರಳೆಹಣ್ಣು ತಿಂದವರ ತುಟಿಯಂತಾಯಿತು. ಕನ್ನಡಿಯೊಳಗೂ ಅದೇ, ಹೊರಗೂ ಅದೇ. ಕರಿಸಿದ್ದಪ್ಪ ಯಾವ ಕಡೆ ನೋಡಿದರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಸರಳು ಗಾರೆಯ ಮೇಲೆ ಬಿದ್ದು ಷೆಡ್ಡೆಲ್ಲ ಮೊಳಗಿತು. ಬೆನಕಪ್ಪ ಮಂಡಿಯ ಮೇಲೆ ಕೈಯೂರಿ ಬಗ್ಗಿದ್ದ.

"ಮೊದ್ಲು ಹಂಗೇ ಆಗೋದು. ನೀರ್ ಕುಡಿ, ಇನ್ನೊಂದ್ಸಲ ಎತ್ತು," ಎಂದ ತಮ್ಮಯ್ಯ. ಅವನು ಕೆಟ್ಟವನೇನಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಇಲ್ಲಿ ಯಾರಿಗೂ ಗೊತ್ತಾಗುವುದೂ ಇಲ್ಲ. ನಾಳೆ, ನಾಡಿದ್ದು, ಯಾವತ್ತೋ ಒಂದು ದಿನ, ತಾನು ಹೊಲದಲ್ಲಿರುವಾಗ, ಈ ಗಾರೆಯ ಮೇಲೆ.

"ನಡಿ," ಎಂದ ಕರಿಸಿದ್ದಪ್ಪ.

"ಅಪ್ಪಾ, ಇನ್ನೊಂದ್ಸಲ…"

"ನಡಿ ಅಂದೆ. ಕಡೂರಿಗೆ."

ಬಸ್ಸಿನಲ್ಲಿ ಬೆನಕಪ್ಪ ಕಿಟಕಿಗೆ ತಲೆ ಆನಿಸಿ ಕೂತ. ಬೀರೂರು ದಾಟಿದ ಮೇಲೆ, "ಕಡೂರಲ್ಲೂ ಬ್ಯಾಡ ಅಂತೀಯ, ನಂಗೊತ್ತು," ಎಂದ. "ಅಲ್ಲಿಂದ ಸಿಂಗಟಗೆರೆ ಅಂತೀಯ, ಆಮೇಲೆ ಮನೆ ಅಂತೀಯ. ನಿಂಗೆ ನನ್ನ ಕಂಡ್ರೆ ಯಾಕಪ್ಪಾ ಇಷ್ಟು ತಾತ್ಸಾರ?"

ಕರಿಸಿದ್ದಪ್ಪ ಮಗನ ತುಟಿ ನೋಡಿದ. ಬಣ್ಣ ತಿರುಗಿ ಬಂದಿತ್ತು. ಹಾಲಮ್ಮ ಈಗ ಏನು ಮಾಡುತ್ತಿರಬಹುದು? ರಾಗಿ ಬೀಸುತ್ತಿರಬಹುದು. ಅವಳ ಅಣ್ಣನ ಕಂಬಳಿ ಅವನ ಕಣ್ಣಿಗೆ ಕಟ್ಟಿತು, ತಾನು ಕಂಡೇ ಇರದ ಕಂಬಳಿ. ಹೇಳಿದರೆ ಹಾಗಾಗುತ್ತದೆ. ಹೇಳದಿದ್ದರೆ ಗಾರೆ. ಎರಡು ಕಡೆಯ ಹೆದರಿಕೆಯೂ ಒಂದೇ ತೂಕವಾಗಿತ್ತು.

ಗರಡಿಯಲ್ಲಿ ಸಂಜೆಯ ಸಾಮು ಸುರುವಾಗಿತ್ತು. ಕರಿಸಿದ್ದಪ್ಪ ತಲೆ ತಗ್ಗಿಸಿ ಒಳಗೆ ಹೋದ. ಮಗನ ಬಲಗೈ ಹಿಡಿದುಕೊಂಡ. ಎಷ್ಟು ಬಿಗಿಯಾಗಿ ಎಂದರೆ ಬೆನಕಪ್ಪ, "ಅಪ್ಪಾ, ನೋಯ್ತದೆ," ಎಂದು ಪಿಸುಗುಟ್ಟಿದ.

"ಆಗ್ಲೇ ಬಾಗ್ಲಿಂದಾನೇ ಓಡೋದ್ರಲ್ಲ," ಎಂದರು ವಸ್ತಾದರು. "ಹನುಮಪ್ಪ ಕಚ್ತಾನೆ ಅಂದ್ಕೊಂಡ್ರೇನೋ ಅಂದ್ಕೊಂಡೆ." ಕಣದಲ್ಲಿದ್ದವರು ನಕ್ಕರು. ವಸ್ತಾದರು ಬಗ್ಗಿ ಮಟ್ಟಿ ಎತ್ತಿ ಕರಿಸಿದ್ದಪ್ಪನ ಎಡಗೈಗೆ ಹಾಕಿದರು. ಪಸೆಯಿರಲಿಲ್ಲ. ಬೆಚ್ಚಗಿತ್ತು.

"ಹಿಡ್ಕೊಂಡು ಹೇಳಪ್ಪಾ. ಇವನ ಮೈಯಲ್ಲಿ ನಾನು ಅರೀದ ಊನ ಏನಾದ್ರೂ ಐತಾ?"

ಬೆನಕಪ್ಪ ಹಣೆ ಮುಂದೆ ಮಾಡಿ ಕಾಯುತ್ತಿದ್ದ.

"ಮುರಿದ ಮೂಳೆ? ಮೂರ್ಛೆ? ಉಬ್ಬಸ?"

ಕರಿಸಿದ್ದಪ್ಪ ಪ್ರತಿಯೊಂದಕ್ಕೂ ತಲೆಯಾಡಿಸಿದ. ಇಲ್ಲ. ಇಲ್ಲ. ಇಲ್ಲ.

"ಹಳೇ ಕಾಯ್ಲೆ?"

ಒಬ್ಬ ಪೈಲ್ವಾನ ಬಸ್ಕಿ ಹೊಡೆಯುವುದನ್ನು ನಿಲ್ಲಿಸಿ ಇತ್ತ ನೋಡಿದ. ಕರಿಸಿದ್ದಪ್ಪನ ಮುಷ್ಟಿಯ ಸಂದಿನಿಂದ ಮಣ್ಣು ಸಣ್ಣಗೆ ಸೋರುತ್ತಿತ್ತು.

"ಐತೆ," ಎಂದ.

ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. "ಏಳು ವರ್ಷದವನಿದ್ದಾಗ ಜ್ವರ ಬಂದಿತ್ತು. ಕೀಲೆಲ್ಲಾ ಊದ್ಕೊಂಡಿದ್ವು. ಗುಂಡಿಗೆ ಒಳಗಿನ ಬಾಗ್ಲು ಸರ್ಯಾಗಿ ಮುಚ್ಚಲ್ಲ ಅಂದ್ರು ಡಾಕ್ಟ್ರು. ಭಾರ ಎತ್ತಿಸ್ಬ್ಯಾಡಿ ಅಂದ್ರು. ನಾನೇ ಇವನಿಗೆ ಹೇಳಿರ್ಲಿಲ್ಲ ವಸ್ತಾದ್ರೆ. ಇವನಿಗೆ ಗೊತ್ತಿಲ್ಲ."

ಹಿಡಿದಿದ್ದ ಕೈ ಅವನ ಕೈಯೊಳಗೆ ಒಮ್ಮೆ ಸೆಟೆದು, ಆಮೇಲೆ ಸಡಿಲವಾಯಿತು. ಬಿಡಿಸಿಕೊಳ್ಳಲಿಲ್ಲ. ಮಗನ ಕಡೆ ನೋಡುವ ಧೈರ್ಯ ಕರಿಸಿದ್ದಪ್ಪನಿಗೆ ಬರಲಿಲ್ಲ. ವಸ್ತಾದರ ಪಾದವನ್ನೇ ನೋಡುತ್ತ ನಿಂತ.

ವಸ್ತಾದರು ಬೈಯಲಿಲ್ಲ. ಕರಿಸಿದ್ದಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಟ್ಟಿಯನ್ನು ತಮ್ಮ ಕೈಗೆ ತೆಗೆದುಕೊಂಡು ಕಣಕ್ಕೆ ಹಾಕಿದರು. "ಕಲ್ಲು ಕೊಡಾಕಿಲ್ಲ ಕಣಪ್ಪಾ ನಾನು," ಎಂದರು ಬೆನಕಪ್ಪನಿಗೆ. "ಮೊದ್ಲು ದೊಡ್ಡಾಸ್ಪತ್ರೇಲಿ ತೋರ್ಸು. ನಡಿಯಾಕೆ ಅಡ್ಡಿಯಿಲ್ಲ ಅಂದ್ರೆ ಬಂದು ಕಣದ ಸುತ್ತ ನಡಿ. ಕೂತ್ಕೊ ಈಗ."

ಬೆನಕಪ್ಪ ಕಣದ ಅಂಚಿನಲ್ಲಿ ಕೂತ. ಮುಖದಲ್ಲಿ ಸಿಟ್ಟಿದೆಯೋ ಏನಿದೆಯೋ ಆ ಅರೆಗತ್ತಲಿನಲ್ಲಿ ತಿಳಿಯುವಂತಿರಲಿಲ್ಲ.

"ಅವ್ವಂಗೆ ಗೊತ್ತಾ?" ಎಂದ.

"ಹೂಂ."

"ಸಾಯ್ತೀನಾ?"

"ಗೊತ್ತಿಲ್ಲ ಮಗಾ," ಎಂದ ಕರಿಸಿದ್ದಪ್ಪ. ಮಗನಿಗೆ ಅವನು ಬೈಯದೆ, ಮುಚ್ಚಿಡದೆ ಹೇಳಿದ ಮೊದಲ ಮಾತು ಅದು.

ಕಣದಲ್ಲಿ ಇಬ್ಬರು ಮತ್ತೆ ತೋಳಿಗೆ ತೋಳು ಕೊಟ್ಟು ನಿಂತರು. ಬೆನಕಪ್ಪ ಅವರನ್ನು ನೋಡುತ್ತಲೇ ಅಂಗಿಯ ಗುಂಡಿ ಬಿಚ್ಚಿ, ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡು, ಹೊಸಬರ ಮನೆಯ ಬಾಗಿಲಲ್ಲಿ ನಿಂತು ಒಳಗಿನ ಸದ್ದು ಆಲಿಸುವವನ ಹಾಗೆ ತಲೆ ವಾಲಿಸಿ ಕೂತಿದ್ದ. ಕರಿಸಿದ್ದಪ್ಪ ಹಾಲಮ್ಮನಿಗೆ ಕೊಟ್ಟಿದ್ದ ಮಾತನ್ನು ಮುರಿದಿದ್ದ.