ನೀಲಾಳ ಬಾಯಿಯ ಕಪ್ಪು ಅಂಗುಳ

ನಾನು ಒಂದು ಅಂಗುಳ. ನಗಬೇಡಿ. ನಿಮ್ಮ ನಾಲಿಗೆಯನ್ನು ಮೇಲಕ್ಕೆತ್ತಿ ಬಾಯಿಯ ಮಾಳಿಗೆಗೆ ತಾಗಿಸಿ ನೋಡಿ. ಗಟ್ಟಿಯಾಗಿ, ಮುಂದುಗಡೆ ಸ್ವಲ್ಪ ಗೀರುಗೀರಾಗಿ ಸಿಗುತ್ತದಲ್ಲ, ಅದೇ ಅಂಗುಳ. ನಿಮ್ಮದು ಹುಟ್ಟುತ್ತಲೇ ಬಂದದ್ದು. ನಾನು ಅಂಥದ್ದೊಂದಕ್ಕೆ ಅಂಟಿಕೊಂಡು ಕೂರಲೆಂದು ಮಾಡಿದ ಕಪ್ಪು ತಟ್ಟೆ, ಹಪ್ಪಳದಷ್ಟು ತೆಳು. ಪೇಟೆಯ ಹಲ್ಲಿನ ಡಾಕ್ಟರು ಪಿಂಟೋ ಅವರ ಕೋಣೆಯಲ್ಲಿ, ಒಂದು ಮೇ ತಿಂಗಳ ಸೆಕೆಯಲ್ಲಿ ಹುಟ್ಟಿದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲೊಂದು ವಿಶ್ವವಿದ್ಯಾಲಯವಿದೆ, ಅಲ್ಲಿ ಈಗಲೂ ಪಾಠ ನಡೆಯುತ್ತಿದೆ, ಸುಮ್ಮನೆ ಯಾಕೆ ರಗಳೆ.

ನನ್ನನ್ನು ಮಾಡಿಸಿಕೊಂಡವಳು ನೀಲಾಂಬಿಕಾ ಹಂಚಿನಮನಿ, ಎಲ್ಲರ ಬಾಯಲ್ಲಿ ನೀಲಾ. ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಯ ಬಸಲಿಂಗಪ್ಪನ ಒಬ್ಬಳೇ ಮಗಳು, ತಾಯಿಯಿಲ್ಲದವಳು. ಭಾಷಾವಿಜ್ಞಾನದ ಎಂ.ಎ. ಓದುತ್ತಿದ್ದಳು. ಇಂಗ್ಲಿಷ್ ಆಡುವಾಗ, ಫ್ರೆಂಚ್ ಆಡುವಾಗ ನಮ್ಮವರ ನಾಲಿಗೆ ಬಾಯೊಳಗೆ ಎಲ್ಲೆಲ್ಲಿ ತಾಗುತ್ತದೆ ಎಂಬುದೇ ಅವಳ ಪ್ರಬಂಧದ ವಿಷಯ. ಪ್ರಬಂಧ ಚೆನ್ನಾಗಿ ಬಂದರೆ ಫ್ರಾನ್ಸಿನಲ್ಲಿ ಮುಂದೆ ಓದಲು ವಿದ್ಯಾರ್ಥಿವೇತನ ಸಿಗುವುದಿತ್ತು. ಅರ್ಜಿಗೆ ಫೆಬ್ರವರಿ ಕೊನೆಯವರೆಗೆ ಗಡುವು. ಆ ಹುಡುಗಿ ರೊಟ್ಟಿ ತಟ್ಟುತ್ತಲೂ ಫ್ರೆಂಚ್ ಗೊಣಗುತ್ತಿದ್ದಳು.

ಪಿಂಟೋ ಡಾಕ್ಟರು ಅವಳ ಬಾಯಿಗೆ ಗುಲಾಬಿ ಬಣ್ಣದ ಮೆದ್ದೆ ತುಂಬಿ ಅಚ್ಚು ತೆಗೆದರು. ಪಾಪ, ಓಕರಿಕೆ ಬಂದು ಅವಳ ಕಣ್ಣಲ್ಲೆಲ್ಲ ನೀರು. ಆ ಅಚ್ಚಿನಿಂದ ನನ್ನನ್ನು ಮಾಡಿ, ಉಜ್ಜಿ, ಹೊಳಪು ಕೊಟ್ಟು ಬಾಯಿಗಿಟ್ಟಾಗ ಟಪ್ ಎಂದು ಕೂತೆ. ಆಹಾ, ಹಾಗೆ ಕೂರುವುದರ ಸುಖ ನಿಮಗೆ ಗೊತ್ತಿಲ್ಲ ಬಿಡಿ.

“ಇದು ನಿನ್ನೊಬ್ಬಳ ಬಾಯಿಗೇ ಆಗುವುದು ಮಾರಾಯ್ತಿ,” ಎಂದರು ಡಾಕ್ಟರು. ಕರಾವಳಿಯಿಂದ ಬಂದವರು, ಮಾತಿನಲ್ಲಿ ಆ ರಾಗ ಹಾಗೇ ಇತ್ತು. “ಬಿಗಿ ಆಯ್ತು, ಒಂದು ಬದಿ ಎತ್ತಿತು ಅಂತಾದ್ರೆ ಸೀದಾ ನನ್ನ ಹತ್ರ ಬಾ. ತಟ್ಟೆ ಬದಲಾಗುದಿಲ್ಲ. ಬಾಯಿ ಬದಲಾಗ್ತದೆ.”

ಹೂಂ ಎಂದು ತಲೆಯಾಡಿಸಿ ಅವಳು ನನ್ನನ್ನು ಪೆಪ್ಪರಮಿಂಟಿನ ಡಬ್ಬಿಯಲ್ಲಿಟ್ಟುಕೊಂಡು ಓಡಿದಳು.

ನನ್ನ ಕೆಲಸ ನಡೆಯುತ್ತಿದ್ದದ್ದು ಪ್ರೊಫೆಸರ್ ಗಲಗಲಿಯವರ ಪ್ರಯೋಗಶಾಲೆಯಲ್ಲಿ. ಕಪ್ಪು ಪರದೆ ಬಿಟ್ಟ ಒಂದು ಕೋಣೆ, ದೀಪ, ಕ್ಯಾಮರಾ, ಟೇಪ್ ರೆಕಾರ್ಡರು. ನನ್ನ ಮೈಗೆ ಬಿಳಿ ಪುಡಿ ಉದುರಿಸಿ ಬಾಯಲ್ಲಿ ಕೂರಿಸುತ್ತಿದ್ದರು. ಅವಳು ಒಂದೇ ಒಂದು ಪದ ಹೇಳಬೇಕು. ಹೇಳಿದ ಮೇಲೆ ನುಂಗಬಾರದು, ಕೆಮ್ಮಬಾರದು, ನಾಲಿಗೆ ಅಲ್ಲಾಡಿಸಬಾರದು. ಬಾಯಿ ತೆರೆದೇ ನಿಲ್ಲಬೇಕು. ನಾಲಿಗೆ ತಾಗಿದ ಕಡೆ ಪುಡಿ ಒರೆಸಿಹೋಗಿ ನನ್ನ ಕಪ್ಪು ಮೈ ಕಾಣುತ್ತಿತ್ತು. ತಕ್ಷಣ ನನ್ನನ್ನು ಹೊರತೆಗೆದು ಫೋಟೋ ಹಿಡಿಯುತ್ತಿದ್ದರು. ಆಮೇಲೆ ತೊಳೆದು, ಮತ್ತೆ ಪುಡಿ, ಮತ್ತೆ ಪದ.

ಮಳೆಗಾಲವೆಲ್ಲ ಇಂಗ್ಲಿಷ್ ಮುಗಿಸಿದೆವು. ಅವಳ ನಾಲಿಗೆ ನಡುಮಧ್ಯ ಬಂದು, ಎರಡೂ ಬದಿ ಸಮನಾಗಿ ನನ್ನನ್ನು ಮುಟ್ಟಿ ಹೋಗುತ್ತಿತ್ತು. ಎಷ್ಟು ಮರ್ಯಾದಸ್ಥ ನಾಲಿಗೆ ಅಂತೀರಿ! ಗಲಗಲಿಯವರು ಫೋಟೋಗಳನ್ನು ಬೆಳಕಿಗೆ ಹಿಡಿದು, ಕೂಸಿನ ಮುಖ ನೋಡುವವರ ಹಾಗೆ ನೋಡುತ್ತಿದ್ದರು. ಕೆಟ್ಟವರಲ್ಲ ಆ ಮನುಷ್ಯ. ಅವಳಿಗೆ ದಿನವೂ ಚಹಾ ತರಿಸುತ್ತಿದ್ದರು. ಇಂಗ್ಲಿಷ್ ಮುಗಿದ ಮೇಲೆ, ದೀಪಾವಳಿ ಕಳೆದು ಫ್ರೆಂಚ್ ಶುರುಮಾಡೋಣ ಎಂದರು.

ದೀಪಾವಳಿ ರಜೆ ಮುಗಿಸಿ ಬಂದ ಬೆಳಿಗ್ಗೆ ನಾನು ಬಾಯಿಗೆ ಹೋದೆ. ಟಪ್ ಅನ್ನಲಿಲ್ಲ.

ಎಡಗಡೆ, ನಾನು ಅಂಟಬೇಕಾದಲ್ಲಿ, ಏನೋ ಇತ್ತು. ಹೆಸರುಕಾಳಿನಷ್ಟು. ಊಟದ ಚೂರೇನೋ ಎಂದುಕೊಂಡೆ. ಬಾಯಿ ಮುಕ್ಕಳಿಸಿ ಬಂದಳು, ಮತ್ತೆ ಕೂರಿಸಿದರು. ಆಗಲೂ ಇತ್ತು, ಅಲ್ಲೇ ಇತ್ತು, ಗಟ್ಟಿಯಾಗಿತ್ತು. ಆ ಬಾಯಿಯ ಒಂದೊಂದು ಗೀರನ್ನೂ ನಾನು ಬಲ್ಲೆ. ಇದು ಅಲ್ಲಿಯದಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು, ಎದೆ ಅನ್ನುವುದೊಂದು ಇದ್ದಿದ್ದರೆ ಧಸಕ್ ಅನ್ನುತ್ತಿತ್ತು.

“ಸರ, ಎಡಗಡೆ ಎತ್ತಿಧಂಗ ಆಗಾಕತ್ತೈತ್ರಿ,” ಎಂದಳು ನೀಲಾ. “ಪಿಂಟೋ ಡಾಕ್ಟರಿಗೆ ತೋರಿಸ್ಕೊಂಡು ಬರ್ಲೇನ್ರಿ?”

ಗಲಗಲಿಯವರು ನನ್ನನ್ನು ಇಸಿದುಕೊಂಡು ದೀಪದ ಕೆಳಗೆ ಹಿಡಿದರು. ತಿರುಗಿಸಿ ಮುರುಗಿಸಿ ನೋಡಿದರು. ನನ್ನನ್ನೇ ನೋಡಿದರು, ಗಮನಿಸಿ. ಅವಳು ಅಲ್ಲೇ ಎದುರಿಗೆ ಕೂತಿದ್ದಳು, ದೀಪ ಉರಿಯುತ್ತಿತ್ತು. ಬಾಯಿ ತೆರಿ ಅನ್ನಲಿಲ್ಲ.

“ಥಂಡಿಗೆ ಸೊಟ್ಟ ಆಗ್ಯದ,” ಎಂದರು. “ಪಿಂಟೋನ ಕಡೆ ಹೋದ್ರ ಅವ ಹೊಸಾದು ಮಾಡ್ತೀನಿ ಅಂತಾನ. ಹೊಸ ತಟ್ಟಿ ಬಂತಂದ್ರ ಮಳಿಗಾಲದ ಫೋಟೋ ಅಷ್ಟೂ ದಂಡ. ಎರಡೂ ಭಾಷಾ ಒಂದ ತಟ್ಟಿ ಮ್ಯಾಲೆ ಬರಬೇಕವಾ, ಇಲ್ಲಾಂದ್ರ ಹೋಲಿಸಲಿಕ್ಕೇ ಬರೂದಿಲ್ಲ. ಫೆಬ್ರವರಿ ಅಂದ್ರ ಇಲ್ಲೇ ಅದ.”

“ಮತ್ತ ಏನ್ ಮಾಡೂದ್ರಿ?”

“ಒಳಗ ಒಂದೀಟು ಕೆರದ್ರ ಕೂಡ್ತದ ತಗೋ.”

ನೀಲಾ ನಾಲಿಗೆಯನ್ನು ಮೆಲ್ಲಗೆ ಎಡಕ್ಕೆ ಒಯ್ದು ಆ ಜಾಗ ಮುಟ್ಟಿಕೊಂಡಳು. ಅವಳಿಗೂ ಗೊತ್ತಾಗಿತ್ತು ಅಂತ ನನಗನ್ನಿಸುತ್ತದೆ, ಪೂರ್ತಿ ಅಲ್ಲದಿದ್ದರೂ ಸ್ವಲ್ಪ. ಆದರೆ ಅವಳ ಮುಂದೆ ಫ್ರಾನ್ಸ್ ನಿಂತಿತ್ತು. “ಕೆರೀರಿ ಸರ,” ಎಂದಳು.

ಅರದಿಂದ ನನ್ನ ಒಳಮೈ ಕೆರೆದರು. ನೋವಿನ ಮಾತು ಬಿಡಿ, ನಾನು ತಟ್ಟೆ. ಆದರೆ ಏನು ಮಾಡುತ್ತಿದ್ದಾರೆಂದು ಯೋಚಿಸಿ! ಆ ಕಾಳಿಗೆ ನನ್ನ ಮೈಯಲ್ಲೇ ಒಂದು ಗೂಡು ತೋಡಿಕೊಟ್ಟರು. ಆಮೇಲೆ ನಾನು ಸರಿಯಾಗಿ ಕೂತೆ. ನೀಲಾ ನಕ್ಕಳು, ಚಹಾ ಬಂತು. ಗೂಡಿನೊಳಗೆ ಅದು ಬೆಚ್ಚಗೆ ಕೂತಿತ್ತು. ಕೂಗಿ ಹೇಳಬೇಕೆಂದರೆ ಬಾಯೊಳಗೇ ಇದ್ದೂ ನನಗೆ ಬಾಯಿಲ್ಲ.

ಕಾಳು ಸುಮ್ಮನಿರಲಿಲ್ಲ. ಹೆಸರು ಹೋಗಿ ಕಡಲೆಯಾಯಿತು. ನಾನು ಎಡಗಡೆ ಕೆಳಕ್ಕೆ ಜಗ್ಗತೊಡಗಿದೆ, ನಾಲಿಗೆ ಎಡಗಡೆಯೇ ಹೆಚ್ಚು ತಾಗತೊಡಗಿತು. ಫೋಟೋದಲ್ಲಿ ಬಲಗಡೆ ಪುಡಿ ಬೆಳ್ಳಗೆ ಉಳಿದು, ಎಡಗಡೆ ಕರ್ರಗೆ ದೊಡ್ಡ ಕಲೆ. ಗಲಗಲಿಯವರು ಮೊದಲು ಹುಬ್ಬು ಗಂಟಿಕ್ಕಿದರು. ಮಳೆಗಾಲದ ಇಂಗ್ಲಿಷ್ ಫೋಟೋಗಳನ್ನು ಪಕ್ಕದಲ್ಲಿ ಜೋಡಿಸಿದರು. ಅಲ್ಲಿ ಎರಡೂ ಬದಿ ಸಮ. ಇಲ್ಲಿ ಎಡ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು.

“ನೀಲಾ! ಇಲ್ಲಿ ನೋಡ, ಇಲ್ಲಿ ನೋಡ! ಇಂಗ್ಲಿಷಿಗೆ ನಟ್ಟನಡುವ ಇರೂ ನಾಲಗಿ ಫ್ರೆಂಚ್ ಬಂದ ಕೂಡಲೆ ಎಡಕ್ಕ ವಾಲ್ತದ! ಯಾರೂ ಕಂಡಿಲ್ಲವಾ ಇದನ್ನ, ಯಾರೂ ಬರದಿಲ್ಲ!”

“ತಟ್ಟಿ ಸೊಟ್ಟಾಗಿದ್ದಕ್ಕಲ್ಲೇನ್ರಿ?”

“ತಟ್ಟಿ ಸರಿ ಮಾಡೀವಲ್ಲ? ಈಗ ಬಂದದ್ದು ನಾಲಗೀದ.”

ಎಲಾ ಇವರ! ಇಂಗ್ಲಿಷ್ ಮುಗಿದಾಗ ಆ ಬಾಯಿಗೆ ರೋಗವಿರಲಿಲ್ಲ, ಫ್ರೆಂಚ್ ಶುರುವಾದಾಗ ಬಂದಿತ್ತು. ಇಷ್ಟೇ ಕಥೆ. ಮತ್ತೊಮ್ಮೆ ಇಂಗ್ಲಿಷಿನ ಒಂದು ಪದ ಹೇಳಿಸಿದ್ದರೂ ಸಾಕಿತ್ತು, ಅದೂ ಎಡಕ್ಕೇ ವಾಲುತ್ತಿತ್ತು. ಹೇಳಿಸಲಿಲ್ಲ. ಮುಗಿದ ಭಾಷೆ ಮುಗಿಯಿತು ಅವರಿಗೆ. ನಾನು ಎತ್ತಿದಾಗಲೆಲ್ಲ ಅರ ತಂದು ಕೆರೆದರು, ಗೂಡು ದೊಡ್ಡದಾಯಿತು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಾದೆ.

ಖಾನಾವಳಿಯಲ್ಲಿ ನನ್ನ ಡಬ್ಬಿ ಅವಳ ತಾಟಿನ ಪಕ್ಕದಲ್ಲೇ ಇರುತ್ತಿತ್ತು. ಕೆಂಪು ಚಟ್ನಿಯಿಲ್ಲದೆ ತುತ್ತೆತ್ತದ ಹುಡುಗಿ ಚಟ್ನಿ ಬಿಟ್ಟಳು. ಆಮೇಲೆ ರೊಟ್ಟಿಯನ್ನು ಹಾಲಲ್ಲಿ ನೆನೆಸತೊಡಗಿದಳು.

“ಯಾಕವ್ವಾ, ಫ್ರಾನ್ಸದಾಗ ಖಾರ ಸಿಗೂದಿಲ್ಲಂತ ಈಗಿಂದನ ರೂಢಿ ಮಾಡ್ಕೊಳ್ಳಾಕತ್ತೀ ಏನ?” ಎಂದ ಬಸಲಿಂಗಪ್ಪ, ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸುತ್ತ.

“ಹೂಂ ಅಪ್ಪಾ,” ಎಂದು ನಕ್ಕಳು. ಊಟಕ್ಕೆ ಕೂತಿದ್ದವರೂ ನಕ್ಕರು.

ಫೆಬ್ರವರಿಯಲ್ಲಿ ವಿಚಾರಸಂಕಿರಣ ಇಟ್ಟರು. ದೂರದೂರದಿಂದ ವಿದ್ವಾಂಸರು ಬಂದರು. ಗಲಗಲಿಯವರು ಪರದೆಯ ಮೇಲೆ ನನ್ನ ಫೋಟೋಗಳನ್ನು ಆಳೆತ್ತರ ಮಾಡಿ ತೋರಿಸಿದರು, ಚಪ್ಪಾಳೆ ಬಿತ್ತು. ಕಣ್ಣಾರೆ ತೋರಿಸುತ್ತೇನೆಂದು ನೀಲಾಳನ್ನು ವೇದಿಕೆಗೆ ಕರೆದರು. ನನ್ನನ್ನು ಒತ್ತಿ ಕೂರಿಸಿದರು. ಅವಳ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಒಂದು ಫ್ರೆಂಚ್ ಪದ ಹೇಳಿ ಬಾಯಿ ತೆರೆದಳು. ನನ್ನನ್ನು ಹೊರತೆಗೆದು ಎತ್ತಿ ಹಿಡಿದರು. ಬಿಳಿ ಪುಡಿಯ ಮೇಲೆ ರಕ್ತ.

ಗಲಗಲಿಯವರು ಕರವಸ್ತ್ರದಿಂದ ನನ್ನನ್ನು ಒರೆಸಿ, “ಒಸಡೀಂದು, ಏನಿಲ್ಲ,” ಎಂದು ಮುಂದಿನ ಫೋಟೋಗೆ ಹೋದರು.

ಆ ಸಂಜೆ ನೀಲಾ ಯಾರಿಗೂ ಹೇಳದೆ ಪಿಂಟೋ ಡಾಕ್ಟರ ಕುರ್ಚಿಯಲ್ಲಿ ಕೂತಳು. ಅವರು ಟಾರ್ಚ್ ಹಚ್ಚಿ ಬಾಯೊಳಗೆ ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ.

“ಯಾವಾಗಿಂದ?”

“ದೀಪಾವಳಿ ಮುಗದಾಗಿಂದ್ರಿ.”

ನನ್ನನ್ನು ಡಬ್ಬಿಯಿಂದ ತೆಗೆದು ಒಳಮೈಗೆ ಬೆರಳಾಡಿಸಿದರು. ಗೂಡು ಸಿಕ್ಕಿತು. ಅವರ ಬೆರಳು ಅಲ್ಲೇ ನಿಂತಿತು. “ಇದನ್ನು ಕೆರೆದದ್ದು ಯಾವ ಪುಣ್ಯಾತ್ಮ?” ಎಂದರು. “ದೀಪಾವಳಿಗೇ ಬಂದಿದ್ರೆ ಕಾಳಿನಷ್ಟು ತೆಗೆದು ಬಿಸಾಡ್ತಿದ್ರು ಮಗಾ. ಈಗ...” ಎಂದು ಬೆನ್ನು ತಿರುಗಿಸಿ ಕೈ ತೊಳೆಯತೊಡಗಿದರು. ಬಹಳ ಹೊತ್ತು ತೊಳೆದರು.

ದೊಡ್ಡಾಸ್ಪತ್ರೆಯಲ್ಲಿ ಅದನ್ನು ಕೆಟ್ಟ ಗಡ್ಡೆ ಎಂದರು, ಅವಳ ಮೇಲ್ದವಡೆಯ ಎಡಭಾಗವನ್ನು, ಅಂಗುಳದ ಸಮೇತ, ಕೊಯ್ದು ತೆಗೆದರು. ನಾನು ಮಂಚದ ಪಕ್ಕದ ಡಬ್ಬಿಯಲ್ಲಿದ್ದೆ. ಗಂಜಿ ಕುಡಿಸಿದರೆ ಮೂಗಿನಿಂದ ಇಳಿಯುತ್ತಿತ್ತು. ಮಾತಾಡಿದರೆ ಗಾಳಿಯೆಲ್ಲ ಮೇಲಕ್ಕೆ ಹೋಗಿ ಬರೀ ಗುಂಯ್ ಎಂಬ ಸದ್ದು. ಬಸಲಿಂಗಪ್ಪ ಅವಳ ಕಾಲು ಹಿಡಿದು ಕೂತು, “ನಾ ಫ್ರಾನ್ಸ್ ಅಂತ ನಗ್ಯಾಡಿದ್ನಲ್ಲವ್ವಾ, ಎದುರಿಗೆ ಕುಂತು ನಗ್ಯಾಡಿದ್ನಲ್ಲ,” ಎಂದು ಅಳುತ್ತಿದ್ದ. ಫೆಬ್ರವರಿ ಹಾಗೇ ಕಳೆದುಹೋಯಿತು, ಅರ್ಜಿಯ ಮಾತನ್ನು ಯಾರೂ ಎತ್ತಲಿಲ್ಲ.

ಪಿಂಟೋ ಡಾಕ್ಟರು ಅವಳಿಗೆ ಇನ್ನೊಂದು ತಟ್ಟೆ ಮಾಡಿಕೊಟ್ಟರು. ಅದು ಗುಲಾಬಿ ಬಣ್ಣದ್ದು, ದಪ್ಪ, ಆ ತೂತನ್ನು ಮುಚ್ಚುವಂಥದ್ದು. ಹೊಟ್ಟೆಕಿಚ್ಚಾಗಲಿಲ್ಲ ನನಗೆ, ದೇವರಾಣೆ. ಅದು ಕೂತ ಮೇಲೆ ಅವಳ ಮಾತು ಅರ್ಧಮರ್ಧ ತಿಳಿಯುವಂತಾಯಿತು.

ಜೂನಿನಲ್ಲಿ ಅವಳು ಪ್ರಯೋಗಶಾಲೆಗೆ ಹೋದಳು, ನನ್ನನ್ನೂ ಕರೆದುಕೊಂಡು. ಗೋಡೆಯ ಮೇಲೆ ಕಟ್ಟು ಹಾಕಿದ ದೊಡ್ಡ ಚಿತ್ರ: ಎಡಗಡೆ ಕಪ್ಪು ಕಲೆಯ ನಾನು. ಕೆಳಗೆ ‘ಕನ್ನಡಿಗರ ಫ್ರೆಂಚ್ ಉಚ್ಚಾರ’ ಎಂದು ಬರೆದಿತ್ತು. ಲೇಖನ ಆಗಲೇ ಅಚ್ಚಾಗಿ ದೇಶವಿದೇಶ ಸೇರಿತ್ತು. ಗಲಗಲಿಯವರು ಅವಳನ್ನು ಕಂಡು ಎದ್ದು ನಿಂತರು. ಕಣ್ಣು ತುಂಬಿದ್ದು ಸುಳ್ಳಲ್ಲ.

“ಸರ,” ಎಂದಳು ಅವಳು, ನನ್ನನ್ನು ಮೇಜಿನ ಮೇಲಿಟ್ಟು, ಒಂದೊಂದೇ ಪದವನ್ನು ಮೂಗಿನಿಂದ ಜಗ್ಗಿ ತಂದು. “ಆ ಚಿತ್ರ ತೆಗೀರಿ. ಅದು ಫ್ರೆಂಚ್ ಅಲ್ಲರಿ. ನನ್ನ ಗಡ್ಡಿ ಅದು.”

ಅವರು ತಲೆ ವಾಲಿಸಿ ಕೇಳಿದರು. ಕಣ್ಣಲ್ಲಿ ಏನೋ ಹೊಳೆಯಿತು. ಕೈ ತಾನಾಗಿಯೇ ಟೇಪ್ ರೆಕಾರ್ಡರಿನ ಕಡೆ ಹೋಗಿ ಗುಂಡಿ ಒತ್ತಿತು.

“ಇನ್ನೊಮ್ಮೆ ಹೇಳವಾ,” ಎಂದರು. “ಸಾವಕಾಶ. ಆ ದ, ಡ ಎಲ್ಲಾ ಮೂಗಿನ್ಯಾಗಿಂದ ಹ್ಯಾಂಗ ಬರ್ತಾವ ನೋಡು...”

ನೀಲಾ ಗುಲಾಬಿ ತಟ್ಟೆಯನ್ನು ಬಾಯಿಂದ ತೆಗೆದು ನನ್ನ ಪಕ್ಕದಲ್ಲಿ, ಮೇಜಿನ ಮೇಲಿಟ್ಟಳು. ಮೇಜಿನ ದೀಪವನ್ನು ತನ್ನ ಮುಖದ ಕಡೆ ತಿರುಗಿಸಿದಳು. ಅವರ ಅಂಗಿಯ ತೋಳು ಹಿಡಿದು ಹತ್ತಿರಕ್ಕೆ ಎಳೆದು ಬಾಯಿ ತೆರೆದಳು. ಅವರು ನೋಡಿದರು. ಎಷ್ಟೋ ವರ್ಷ ನಾಲಿಗೆಯ ಬಗ್ಗೆ ಪಾಠ ಹೇಳಿದ ಮನುಷ್ಯ ಒಂದು ಬಾಯೊಳಗೆ ನೋಡಿದ್ದು ಅದೇ ಮೊದಲು. ಟೇಪು ಸುತ್ತುತ್ತಲೇ ಇತ್ತು, ಅದರಲ್ಲಿ ಅವಳ ಮಾತು ಒಂದೂ ಇಲ್ಲ.

ನನ್ನನ್ನು ಮೇಜಿನ ಮೇಲೇ ಬಿಟ್ಟು ಅವಳು ಹೋದ ಮೇಲೆ ಅವರೇ ಸ್ಟೂಲು ಹತ್ತಿ ಚಿತ್ರ ಇಳಿಸಿದರು. ಅಷ್ಟು ಮಾಡಿದರು. ಲೇಖನ ತಪ್ಪು ಎಂದು ಬರೆಯಲು ಪೆನ್ನು ಹಿಡಿದು ಕೂತದ್ದನ್ನು ಎಷ್ಟೋ ಸಲ ನೋಡಿದೆ. ಬರೆಯಲಿಲ್ಲ. ನಿವೃತ್ತರಾದರು, ನನ್ನನ್ನು ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲೇ ಬಿಟ್ಟು ಹೋದರು. ಗಡ್ಡೆ ಮರುವರ್ಷ ತಿರುಗಿ ಬಂತು, ಕಣ್ಣಿನ ಕೆಳಗೆ. ನೀಲಾ ಹೋದಳೆಂಬ ಸುದ್ದಿಯನ್ನು ಜವಾನನೊಬ್ಬ ಕಸ ಗುಡಿಸುತ್ತ ಇನ್ನೊಬ್ಬನಿಗೆ ಹೇಳಿದಾಗ ನನಗೆ ತಿಳಿಯಿತು. ನನ್ನ ಹುಡುಗಿ.

ಈಗ ನನಗೆ ಮುಪ್ಪು. ಗಾಜಿನ ಆಚೆ ಪ್ರತಿ ವರ್ಷ ಹೊಸ ಹುಡುಗರು ಬರುತ್ತಾರೆ. ಈಗಿನ ಮಾಸ್ತರು ಆ ಲೇಖನ ಓದಿ ಬೆಳೆದವರು, ಫ್ರೆಂಚ್ ಆಡುವ ನಾಲಿಗೆ ಎಡಕ್ಕೇ ಹೋಗಬೇಕೆಂದು ನಂಬಿದವರು. ಅದರಲ್ಲಿದ್ದ ಚಿತ್ರವನ್ನು ದೊಡ್ಡದು ಮಾಡಿಸಿ ಮತ್ತೆ ಗೋಡೆಗೆ ಹಾಕಿಸಿದ್ದಾರೆ. ಮೌಖಿಕ ಪರೀಕ್ಷೆಗೆ ಮೊದಲು ಹುಡುಗರು ಕೈಗನ್ನಡಿ ಹಿಡಿದು ನನ್ನ ಎದುರಿಗೇ ಫ್ರೆಂಚ್ ಪದಗಳ ಅಭ್ಯಾಸ ಮಾಡುತ್ತಾರೆ. ಒಳ್ಳೆಯ ಹುಡುಗರು, ಚೊಕ್ಕ ಬಾಯಿಗಳು, ನೆಟ್ಟಗಿನ ನಾಲಿಗೆಗಳು. ನಾಲಿಗೆ ನಡುವೆ ಹೋದರೆ ಮಾಸ್ತರು ತಿದ್ದುತ್ತಾರೆ: “ಎಡಕ್ಕ, ಇನ್ನೂ ಎಡಕ್ಕ.” ಹುಡುಗರು ಕತ್ತು ಸೊಟ್ಟ ಮಾಡಿ, ಕಷ್ಟಪಟ್ಟು, ಮತ್ತೆ ಮತ್ತೆ ಹೇಳುತ್ತಾರೆ. ಫ್ರೆಂಚ್ ಎಂದುಕೊಂಡು ಅವರು ಉಚ್ಚರಿಸುತ್ತಿರುವುದು ನೀಲಾಳ ಗಡ್ಡೆಯನ್ನು.