ಒಗೆದ ಪಾಪ

ಬಟ್ಟೆ ಒಗೆದದ್ದೇ ತಪ್ಪು ಅಂತ ಲಾಂಡ್ರಿಯ ಹೆಂಗಸೊಬ್ಬಳು ಅರ್ಧ ಆಯುಷ್ಯ ಬೈಸಿಕೊಂಡದ್ದನ್ನು ಎಲ್ಲಾದರೂ ಕೇಳಿದ್ದೀರಾ? ಅಕ್ಕ ಬೈಸಿಕೊಂಡಿದ್ದಳು. ಅದೂ ಸ್ವಂತ ಗಂಡನಿಂದ, ಸ್ವಂತ ಲಾಂಡ್ರಿಯಲ್ಲಿ.

ಅಕ್ಕ ಅಂದರೆ ಯಾರಿಗೂ ಒಡಹುಟ್ಟಿದವಳಲ್ಲ. ಕೆಲಸದವರೆಲ್ಲ ಕರೆದೂ ಕರೆದೂ ಅದೇ ಹೆಸರಾಗಿ ನಿಂತಿತ್ತು. ಹಾಗಾಗಿ ಅವಳ ಗಂಡ ಎಲ್ಲರಿಗೂ ಭಾವ. ಭಾವನ ಜಾಗ ಮುಂದಿನ ಕೌಂಟರಿನಲ್ಲಿ, ಅಕ್ಕನದು ಹಿಂದಿನ ಕಿಟಕಿಯ ಪಕ್ಕ, ಕಲೆ ತೆಗೆಯುವ ಮೇಜಿನ ಮುಂದೆ. ಶಾಯಿ, ಎಣ್ಣೆ, ತುಕ್ಕು, ತುಟಿಯ ಬಣ್ಣ, ಏನೇ ಬರಲಿ, ಬ್ರಶ್ಶು ಹಿಡಿದು ಕೂತಳೆಂದರೆ ಕಲೆಗೆ ಉಳಿಗಾಲವಿರಲಿಲ್ಲ. ಅವಳ ಮೇಲೆ ಬಿದ್ದ ಕಲೆ ಒಂದನ್ನು ಬಿಟ್ಟು.

ಅದು ಬಿದ್ದದ್ದು ಮದುವೆಯಾದ ಹೊಸತರಲ್ಲಿ. ಆಗ ಭಾವ ಲಾಂಡ್ರಿ ತಂಡದ ಗೋಲ್‌ಕೀಪರ್. ದೇಶದ ಫುಟ್‌ಬಾಲ್ ಕಪ್ಪಿಗೆ ಸಣ್ಣಪುಟ್ಟ ತಂಡಗಳೂ ಹೆಸರು ಕೊಡಬಹುದು. ಗೆದ್ದರೆ ಮುಂದಿನ ಸುತ್ತು, ಸೋತರೆ ಅವತ್ತೇ ಗಂಟುಮೂಟೆ. ಆ ವರ್ಷ ಅದೇನು ಅದೃಷ್ಟವೋ, ತಂಡ ಕ್ವಾರ್ಟರ್ ಫೈನಲ್ ತನಕ ಹೋಗಿಬಿಟ್ಟಿತು. ಕಪ್ ಮುಗಿಯುವವರೆಗೆ ಜೆರ್ಸಿ ಒಗೆಯುವುದಿಲ್ಲವೆಂದು ಭಾವ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಿದ್ದ. ಮನಸ್ಸಿನೊಳಗಿನ ಆಣೆ ಹೊಸ ಹೆಂಡತಿಗೆ ಹೇಗೆ ಗೊತ್ತಾಗಬೇಕು? ಮೊಳೆಗೆ ನೇತುಹಾಕಿದ್ದ ಜೆರ್ಸಿಯ ವಾಸನೆ ತಡೆಯಲಾರದೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಶಹಬ್ಬಾಸ್ ಅನ್ನುತ್ತಾನೆ ಅಂತ ಕಾದು ಕೂತಳು. ಮರುದಿನ ತಂಡ ಸೋತಿತು. ಭಾವ ಮನೆಗೆ ಬಂದು ಕೇಳಿದ ಮೊದಲ ಮಾತು, "ಒಗೆದವರು ಯಾರು?"

ಅಲ್ಲಿಂದ ಮುಂದೆ ಹಾಲು ಉಕ್ಕಿದರೂ, ಮೋಟಾರು ಕೆಟ್ಟರೂ, ಹಲ್ಲು ನೋವು ಬಂದರೂ ಭಾವನದು ಒಂದೇ ರಾಗ: "ಅವತ್ತು ನೀನು ಆ ಜೆರ್ಸಿ ಒಗೆಯದೇ ಇದ್ದಿದ್ರೆ..."

ನಿಜ ಏನೆಂದರೆ ಅವತ್ತು ಅಕ್ಕ ಗೋಲಿನ ಹಿಂದೆಯೇ ನಿಂತಿದ್ದಳು. ಬಾಲು ನೆಟ್ಟಗೆ ಭಾವನ ಎರಡೂ ಕೈಗೆ ಬಂದದ್ದನ್ನೂ, ಸೋಪಿನ ಬಿಲ್ಲೆಯಂತೆ ಜಾರಿ ಒಳಗೆ ಹೋದದ್ದನ್ನೂ ಕಣ್ಣಾರೆ ಕಂಡಿದ್ದಳು. ಅವತ್ತೇ ಹೇಳಬಹುದಿತ್ತು. ಆದರೆ ಗಂಡ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಪಾಪ ಅನ್ನಿಸಿ ಸುಮ್ಮನಾದಳು. ಸುಮ್ಮನಾದದ್ದೇ ತಪ್ಪಾಯಿತು. ಈಗ ಅವಳಿಗೆ ಬೇಕಿದ್ದದ್ದು ಕಪ್ಪೂ ಅಲ್ಲ, ಪದಕವೂ ಅಲ್ಲ. ಒಂದೇ ಒಂದು ಸಲ ಆ ಗಂಡಸು ತನ್ನ ಬಾಯಲ್ಲೇ "ತಪ್ಪು ನಿಂದಲ್ಲ" ಅನ್ನಬೇಕು. ಮಗಳ ಮದುವೆಯೂ ಆಗಿಹೋಗಿತ್ತು, ಆ ಮಾತು ಮಾತ್ರ ಬಂದಿರಲಿಲ್ಲ.

ಇಷ್ಟು ವರ್ಷಗಳ ಮೇಲೆ ತಂಡ ಮತ್ತೆ ಮೊದಲ ಸುತ್ತು ಗೆದ್ದಿತು. ಎದುರಾಳಿಗಳು ತಮ್ಮ ಗೋಲಿಗೆ ತಾವೇ ಹೊಡೆದುಕೊಂಡರು ಅನ್ನುವುದು ಬೇರೆ ಮಾತು. ಈಗ ಭಾವ ಕೋಚು, ಇಸ್ತ್ರಿ ಮೇಜಿನಲ್ಲಿದ್ದ ಅಳಿಯ ಗೋಲ್‌ಕೀಪರ್. ವ್ಯಾನು ಲಾಂಡ್ರಿಯ ಮುಂದೆ ನಿಲ್ಲುತ್ತಿದ್ದಂತೆ ಭಾವ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

"ಕಪ್ ಮುಗಿಯೋವರೆಗೂ ಯಾರೂ ಜೆರ್ಸಿ ಒಗೆಯೋ ಹಾಗಿಲ್ಲ. ಒಂದು ಹನಿ ನೀರು ತಾಗಿದ್ರೂ ಸುಮ್ನಿರೋನಲ್ಲ ನಾನು!" ಅಂದವನು ಹೆಂಡತಿಯ ಕಡೆ ತಿರುಗಿ, "ಕೆಲವರಿಗೆ ಬೇರೆ ಹೇಳ್ಬೇಕಾಗಿಲ್ಲ," ಅಂದ.

ಅಕ್ಕನಿಗೆ ಮೈ ಉರಿದುಹೋಯಿತು. ಬ್ರಶ್ಶು ಜೋರಾಗಿ ಉಜ್ಜಿ, ಯಾರದೋ ಅಂಗಿಯ ಜೇಬು ಕಿತ್ತುಹಾಕಿದಳು.

ಮೂರನೆಯ ದಿನ ಗಂಜಿ ಹಿಂಬಾಗಿಲಿನಿಂದ ಬಂದ. ಬಟ್ಟೆಗೆ ಗಂಜಿ ಹಾಕುವುದೇ ಇವನ ಕೆಲಸ, ಹೆಸರೂ ಅದೇ. ತಂಡದ ನಾಯಕ ಬೇರೆ. ಕಂಕುಳಲ್ಲಿ ಒಂದು ಪೊಟ್ಟಣ.

"ಅಕ್ಕಾ, ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

"ಏನು ಮಾಡ್ಕೊಂಡ್ಯೋ?"

"ಒಗೆದ್ಬಿಟ್ಟೆ ಅಕ್ಕಾ. ಬೇಕು ಅಂತ ಅಲ್ಲ. ಸಂಜೆ ರೇಡಿಯೋ ಕೇಳ್ತಾ ಕೂತಿದ್ದೆ, ನೋಡಿದ್ರೆ ಕೈಗಳು ಅಷ್ಟರಲ್ಲಿ ಒಗೆದು ಹಿಂಡಿಬಿಟ್ಟಿವೆ."

ಪೊಟ್ಟಣದಲ್ಲಿ ಮಲ್ಲಿಗೆಯಷ್ಟು ಬೆಳ್ಳಗಿನ ಜೆರ್ಸಿ, ಹಪ್ಪಳದ ಹಾಗೆ ಗರಿಗರಿ. ಅಕ್ಕ ನಗು ತಡೆದುಕೊಂಡು, ಒಗೆದದ್ದು ಕಾಣದ ಹಾಗೆ ತಾನೇ ಕಲೆ ಹಚ್ಚಿಕೊಡುತ್ತೇನೆಂದು ಉಪಾಯ ಹೇಳಿದಳು. ನುಣ್ಣಗೆ ಜರಡಿ ಹಿಡಿದ ಮಣ್ಣಿಗೆ ತೆಳು ಗಂಜಿ ಸೇರಿಸಿ ಹಚ್ಚಬೇಕು. ಬಟ್ಟೆಯೊಳಗೆ ಇಳಿಯಬಾರದು, ಮೇಲೇ ಕೂರಬೇಕು; ಹಾಗಾದರೆ ಮುಂದೆ ಸುಲಭವಾಗಿ ಹೋಗುತ್ತದೆ.

ಅವನು ಹೋದ ಹಿಂದೆಯೇ ವ್ಯಾನಿನ ಡ್ರೈವರು ಬಂದ. ಅವನ ಬೆನ್ನಿಗೆ ಮಡಿಕೆ ಹಾಕುವ ಅಣ್ಣತಮ್ಮಂದಿರು, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬ. ಕೊನೆಗೆ ಅಳಿಯನೂ ಬಂದು ಹುಳ್ಳಹುಳ್ಳಗೆ ನಕ್ಕ. "ಅತ್ತೇ, ಮಾವನಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು." ಅವನಂತೂ ತೋಳಿಗೆ ಗೆರೆ ಬೀಳುವ ಹಾಗೆ ಇಸ್ತ್ರಿ ಬೇರೆ ಮಾಡಿಕೊಂಡು ಬಂದಿದ್ದ. ಹುಟ್ಟಿದಾಗಿನಿಂದ ಸೋಪಿನ ನೊರೆಯಲ್ಲೇ ಬೆಳೆದ ಜನ, ಕೊಳೆ ಬಟ್ಟೆ ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವುದಾದರೂ ಹೇಗೆ? ಹನ್ನೊಂದು ಜನರೂ ಒಗೆದಿದ್ದರು. ಪ್ರತಿಯೊಬ್ಬನೂ ತಾನೊಬ್ಬನೇ ಪಾಪಿ ಅಂದುಕೊಂಡಿದ್ದ.

ಕಲೆ ತೆಗೆಯುವ ಮೇಜಿನ ಮೇಲೆ ಹೀಗೆ ಕಲೆ ಹಚ್ಚುವ ಕೆಲಸ ಶುರುವಾಯಿತು. ಕಲೆ ಅನ್ನುವ ಮಾತಿಗೆ ಎರಡು ಅರ್ಥ ಯಾಕಿದೆ ಅಂತ ಅಕ್ಕನಿಗೆ ಆಗ ಗೊತ್ತಾಯಿತು. ಮೊಣಕೈ ಹತ್ತಿರ ಬಿದ್ದ ಕೆಸರು, ಎದೆಯ ಮೇಲೆ ಬಾಲಿನ ಗುರುತು, ಬೆನ್ನಿಗೆ ಬೆವರಿನ ನಕ್ಷೆ, ಎಲ್ಲವನ್ನೂ ಚಿತ್ರ ಬರೆದಂತೆ ಪ್ರೀತಿಯಿಂದ ಹಚ್ಚಿದಳು. ಪಂದ್ಯದ ದಿನ ಭಾವ ಒಬ್ಬೊಬ್ಬರ ಜೆರ್ಸಿಗೂ ಮೂಗು ತಾಗಿಸಿ, "ಆಹಾ!" ಅಂದ. ಸೋಡಾ, ಬ್ಲೀಚುಗಳ ನಡುವೆ ಬದುಕಿ ಅವನ ಮೂಗು ಎಂದೋ ಸತ್ತಿತ್ತು.

ಎರಡನೆಯ ಸುತ್ತು ಗೆದ್ದರು. ಮತ್ತೆ ಎಲ್ಲರೂ ಕಳ್ಳತನದಲ್ಲಿ ಒಗೆದರು, ಮತ್ತೆ ಅಕ್ಕ ಹಚ್ಚಿದಳು. ಮೂರನೆಯದನ್ನೂ ಗೆದ್ದರು. "ನೋಡಿದ್ಯಾ, ಒಗೆಯದೇ ಇರೋದರ ಮಹಿಮೆ!" ಅಂತ ಭಾವ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಕೊಳೆ ಬಟ್ಟೆ ಕೊಡಲು ಬಂದವರು ಅರೆಮನಸ್ಸಿನಿಂದ ಕೊಟ್ಟುಹೋದರು.

ಎಲ್ಲರೂ ಒಗೆದಿದ್ದಾರೆ ಅನ್ನುವ ಮಾತು ಅಕ್ಕನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಈಗಲೇ ಹೇಳಿ, ನಾಳೆ ಸೋತರೆ? ಹಳೆಯ ಪಾಪಕ್ಕೆ ಹೊಸದೂ ಸೇರುತ್ತದೆ, ಸಾಯುವವರೆಗೆ ತಪ್ಪಿದ್ದಲ್ಲ. ಈ ಸಲ ಕ್ವಾರ್ಟರ್ ಫೈನಲ್ ದಾಟಿಬಿಡಲಿ, ಆಮೇಲೆ ಇವರಿಗಿದೆ ಹಬ್ಬ ಅಂತ ಹಲ್ಲು ಕಚ್ಚಿಕೊಂಡಳು.

ಕ್ವಾರ್ಟರ್ ಫೈನಲ್ ನಡೆದದ್ದು ರಾಜಧಾನಿಯ ದೊಡ್ಡ ಮೈದಾನದಲ್ಲಿ. ಎದುರಿಗೆ ಸಂಬಳ ತಗೊಂಡು ಆಡುವವರು. ಆದರೂ ಲಾಂಡ್ರಿಯವರು ಜೀವ ಒತ್ತೆಯಿಟ್ಟು ಆಡಿ, ಆಟ ಮುಗಿಯುತ್ತ ಬಂದರೂ ಒಂದು ಗೋಲಿಗೆ ಒಂದು ಗೋಲು ಸಮ ಮಾಡಿಕೊಂಡಿದ್ದರು. ಅಕ್ಕ ಭಾವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಅಷ್ಟರಲ್ಲಿ ಮಳೆ ಬಂತು.

ಅಕ್ಕನ ಕಣ್ಣು ಜೆರ್ಸಿಗಳ ಕಡೆ ಓಡಿತು. ಮೇಲೇ ಕೂತ ಮಣ್ಣು! ಮೊದಲು ಗಂಜಿಯ ಬೆನ್ನಿನ ನಕ್ಷೆ ಕರಗಿ ಚಡ್ಡಿಗೆ ಇಳಿಯಿತು. ಆಮೇಲೆ ಡ್ರೈವರನ ಎದೆ ಬೆಳಗಿತು. ನೋಡನೋಡುತ್ತಿದ್ದಂತೆ ಹನ್ನೊಂದು ಜೆರ್ಸಿಗಳೂ ಫಳಫಳ ಹೊಳೆದವು. ಆಟಗಾರರು ಬಾಲು ಬಿಟ್ಟು ಒಬ್ಬರನ್ನೊಬ್ಬರು ಬಾಯಿಬಿಟ್ಟು ನೋಡಿದರು.

"ಲೋ, ನೀನೂ ಒಗೆದಿದ್ಯಾ?"

"ನೀನೂನಾ?"

ಮೈಕಿನಲ್ಲಿ ಆಟ ವಿವರಿಸುತ್ತಿದ್ದವನು ತಲೆಬುಡ ತಿಳಿಯದೆ, ತಂಡ ಯಾವಾಗ ಬಟ್ಟೆ ಬದಲಾಯಿಸಿತು ಅಂತ ಕೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ನಗಲಿಲ್ಲ. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ನನ್ನನ್ನೇನು ನೋಡ್ತೀರಾ? ಒಗೆದದ್ದು ನಾನಲ್ಲ, ಅವರು," ಅಂದಳು ಅಕ್ಕ. ಆಮೇಲೆ ಆದದ್ದಾಗಲಿ ಅಂತ, "ಕಲೆ ಹಚ್ಚಿದ್ದು ಮಾತ್ರ ನಾನು," ಅಂದಳು.

ಭಾವ ಏನೋ ಅನ್ನಲು ಬಾಯಿ ತೆರೆದ. ಅದೇ ಹೊತ್ತಿಗೆ ಎದುರಾಳಿಯೊಬ್ಬ ದೂರದಿಂದ ಒಂದು ಬಾಲು ಎತ್ತಿ ಹಾಕಿದ. ಮಕ್ಕಳೂ ಹಿಡಿಯಬಹುದಾದ ಬಾಲು. ಅಳಿಯನ ಎರಡೂ ಕೈಗೆ ನೆಟ್ಟಗೆ ಬಂತು, ಜಾರಿತು, ಒಳಗೆ ಉರುಳಿತು. ಸ್ವಲ್ಪ ಹೊತ್ತಿಗೆಲ್ಲ ಸೀಟಿ ಊದಿದರು. ಕಪ್ ಮುಗಿಯಿತು.

ಅಕ್ಕ ಕಣ್ಣು ಮುಚ್ಚಿಕೊಂಡಳು. ಮುಗೀತು ನನ್ನ ಕಥೆ ಅಂದುಕೊಂಡಳು. ಇನ್ನು ಕೇಳಲು ತನಗೆ ಶಕ್ತಿಯಿಲ್ಲ ಅಂತ ಅವಳಿಗೆ ನಿಜವಾಗಿಯೂ ಅನ್ನಿಸಿತು.

ಅಳಿಯ ನೀರು ಸುರಿಸಿಕೊಂಡು ಬೆಂಚಿನ ಹತ್ತಿರ ಬಂದ. ಹಿಂದೆಯೇ ಉಳಿದವರು. ಗಂಜಿ ಅವನನ್ನು ಉಳಿಸಲು ನೋಡಿದ. "ಇವನದ್ದೇನೂ ಇಲ್ಲ ಭಾವ. ಎಲ್ಲಾ ಒಗೆದ ಪಾಪ."

"ಸುಮ್ನಿರೋ," ಅಂದ ಅಳಿಯ. "ಒಗೆದ್ಕೊಂಡೇ ಎರಡು ಮ್ಯಾಚ್ ಗೆದ್ವಲ್ಲ! ಮಾವ, ಬಾಲು ನನ್ನ ಕೈಲಿತ್ತು. ಬಿಟ್ಬಿಟ್ಟೆ. ತಪ್ಪು ನಂದೇ."

ಇಷ್ಟೇ ಹೇಳಿ ಮೂಗು ಒರೆಸಿಕೊಂಡ. ಆಕಾಶವೇನೂ ಕಳಚಿ ಬೀಳಲಿಲ್ಲ. ಡ್ರೈವರು ಅವನ ಬೆನ್ನು ತಟ್ಟಿದ, ಯಾರೋ ಟವೆಲ್ಲು ಕೊಟ್ಟರು. ಭಾವ ಅಳಿಯನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಇಷ್ಟು ಸುಲಭವಾಗಿ ಹೇಳಿಬಿಡಬಹುದಾದ ಮಾತೇ ಇದು ಅನ್ನುವ ಹಾಗಿತ್ತು ಆ ಮುಖ.

ಎಲ್ಲರೂ ವ್ಯಾನಿನ ಕಡೆ ಹೊರಟರು. ಭಾವ ಏಳಲಿಲ್ಲ. ಅಕ್ಕನೂ ಏಳಲಿಲ್ಲ.

"ನಂದೂ ಹಾಗೇ ಜಾರಿತ್ತು ಕಣೇ," ಅಂದ ಭಾವ, ತನ್ನ ಚಪ್ಪಲಿಗೆ ಹೇಳುವಂತೆ. "ಜೆರ್ಸಿದೇನೂ ಇರ್ಲಿಲ್ಲ. ತಪ್ಪು ನಿಂದಲ್ಲ."

ಅಕ್ಕನಿಗೆ ಅಳು ಬಂತು, ಜೊತೆಗೆ ಕೆಟ್ಟ ಸಿಟ್ಟೂ ಬಂತು. ಇಷ್ಟು ವರ್ಷ! ಒಂದೊಂದು ಅಕ್ಷರವೂ ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಸೆರಗಿನಿಂದ ಮುಖ ಒರೆಸಿಕೊಂಡು, ಕಿವಿಗೆ ಕೈ ಹಿಡಿದಳು.

"ಏನಂದ್ರಿ? ಮಳೆ ಸದ್ದಿಗೆ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಭಾವ ಅವಳ ಮುಖ ನೋಡಿದ. ಎದ್ದು ನಿಂತು, ವ್ಯಾನು ಹತ್ತುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅದೇ ಮಾತನ್ನು ಕೂಗಿ ಹೇಳಿದ.